ಕಟ್ಟಿ ಸಾರ್ಕ್ ಮಾದರಿ: ಹಲಗೆಯಿಂದ ಹಗ್ಗದವರೆಗೆ

1869ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ನೀರಿಗಿಳಿದ, ಚಹಾ ಸಾಗಿಸುವ ಹಾಯಿಹಡಗು ಕಟ್ಟಿ ಸಾರ್ಕ್. ಒಡಲಿನ ಉದ್ದ ಸುಮಾರು 65 ಮೀಟರ್, ಅಗಲ 11 ಮೀಟರ್. 1:96 ಅಳತೆಯ ಮಾದರಿಯಲ್ಲಿ ಅದು 67 ಸೆಂ.ಮೀ. ಉದ್ದ, 11.5 ಸೆಂ.ಮೀ. ಅಗಲಕ್ಕೆ ಇಳಿಯುತ್ತದೆ. ಮೂತಿಯಲ್ಲಿ ಚಾಚಿರುವ ಮರ ಸೇರಿದರೆ 90 ಸೆಂ.ಮೀ. ಹತ್ತಿರ. ಗಾಜಿನ ಪೆಟ್ಟಿಗೆಗೆ ಜಾಗ ಇದೆಯೇ, ಮೊದಲೇ ನೋಡಿಕೊಳ್ಳಿ.

4 ಮಿ.ಮೀ. ಪ್ಲೈವುಡ್ಡಿನಲ್ಲಿ ಬೆನ್ನೆಲುಬು, ಅದಕ್ಕೆ ಅಡ್ಡಲಾಗಿ ಹತ್ತು–ಹನ್ನೆರಡು ಪಕ್ಕೆಲುಬು. ಅಂಟು ಒಣಗಿದ ಮೇಲೆ ಪಕ್ಕೆಲುಬುಗಳ ಅಂಚನ್ನು ಮೂತಿ ಮತ್ತು ಹಿಂಬದಿಯ ಕಡೆ ಓರೆಯಾಗಿ ಉಜ್ಜಬೇಕು. ಒಂದು ಪಟ್ಟಿಯನ್ನು ಉದ್ದಕ್ಕೆ ಹಿಡಿದು ನೋಡಿ: ಅದು ಎಲ್ಲ ಪಕ್ಕೆಲುಬಿಗೂ ತಾಗಬೇಕು. ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ನಾಳೆ ಗುಳಿ ಬೀಳುತ್ತದೆ. ಅದನ್ನು ಪುಟ್ಟಿ ಮುಚ್ಚುತ್ತದೆ ಅನ್ನುವ ಭರವಸೆ ಬೇಡ.

ಹಲಗೆಗೆ 5 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಪಟ್ಟಿ ಸಾಕು. ಒಡಲಿನ ಸುತ್ತಳತೆ ನಡುವಿನಲ್ಲಿ ಹೆಚ್ಚು, ಮೂತಿಯಲ್ಲಿ ಕಡಿಮೆ. ಆದ್ದರಿಂದ ಪ್ರತಿ ಪಟ್ಟಿಯನ್ನೂ ಮೂತಿಯತ್ತ ಸಣ್ಣಗೆ ಮಾಡಬೇಕು, ಆದರೆ ಅರ್ಧ ಅಗಲಕ್ಕಿಂತ ಕಡಿಮೆ ಆಗಕೂಡದು. ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಬಾಗಿಸಿ, ಪಿನ್ನು ಹಾಕಿ ರಾತ್ರಿಯಿಡೀ ಒಣಗಲು ಬಿಡಿ, ಅಂಟು ಆಮೇಲೆ. ಹಸಿಯಾಗಿರುವಾಗಲೇ ಅಂಟಿಸಿದರೆ ಒಣಗುತ್ತಾ ಕುಗ್ಗಿ ಸಂದು ಬಿಡುತ್ತದೆ. ಎಡಕ್ಕೊಂದು, ಬಲಕ್ಕೊಂದು ಹಾಕುತ್ತಾ ಹೋಗಿ. ಒಂದೇ ಬದಿ ಮುಗಿಸಲು ಹೋದರೆ ಬೆನ್ನೆಲುಬು ತಿರುಚಿಕೊಳ್ಳುತ್ತದೆ, ಆಮೇಲೆ ಸರಿಪಡಿಸುವ ದಾರಿಯೇ ಇಲ್ಲ.

ನೀರ್ಗೆರೆಯ ಕೆಳಗೆ ಕೆಂಪು ತಾಮ್ರದ ಬಣ್ಣ ಬಳಿಯುವವರು ಬಹಳ. ಈ ಹಡಗಿಗೆ ಹೊದಿಸಿದ್ದು ಮಂಟ್ಸ್ ಲೋಹ: ಸುಮಾರು 60 ಭಾಗ ತಾಮ್ರ, 40 ಭಾಗ ಸತು. ಅಂದರೆ ಹಿತ್ತಾಳೆಯ ಹಳದಿ.

ಕೂವೆಮರ (ಹಾಯಿ ಹೊರುವ ಕಂಬ) ನಿಲ್ಲಿಸುವ ಮುಂಚೆ, ಅದಕ್ಕೆ ಅಡ್ಡಲಾಗಿ ಬರುವ ಅಡ್ಡಮರಗಳಿಗೆ ಬೇಕಾದ ರಾಟೆ, ಕಾಲ್ಹಗ್ಗ (ನಾವಿಕರು ಕಾಲಿಡುವ ಹಗ್ಗ) ಎಲ್ಲವನ್ನೂ ಮೇಜಿನ ಮೇಲೇ ಕಟ್ಟಿಬಿಡಿ. ಮೇಲೆ ಏರಿಸಿದ ಮೇಲೆ ಬೆರಳು ಹೋಗುವುದಿಲ್ಲ. ನೂಲನ್ನು ಜೇನುಮೇಣದ ಮೇಲೆ ಎರಡು ಸಲ ಎಳೆದರೆ ಜುಂಗು ಕೂರುತ್ತದೆ.

ಕೂವೆಯನ್ನು ಪಕ್ಕದಿಂದ ಹಿಡಿದಿಡುವ ಹಗ್ಗಗಳೂ ಹಲಗೆಯ ಹಾಗೇ, ಎಡ–ಬಲ ಜೋಡಿಯಾಗಿ. ಅವುಗಳ ಮೇಲಿನ ಏಣಿಗೆ ಮೆಟ್ಟಿಲಿಂದ ಮೆಟ್ಟಿಲಿಗೆ 4 ಮಿ.ಮೀ. ಅಂತರ. ಬಿಳಿ ರಟ್ಟಿನ ಮೇಲೆ 4 ಮಿ.ಮೀ.ಗೊಂದು ಗೆರೆ ಎಳೆದು ಹಗ್ಗಗಳ ಹಿಂದೆ ಸಿಕ್ಕಿಸಿ, ಗೆರೆ ನೋಡಿ ಗಂಟು ಹಾಕಿ. ಎಡವುವುದು ಇಲ್ಲೇ: ಗಂಟನ್ನು ಬಿಗಿಯಾಗಿ ಎಳೆದರೆ ಅಂಚಿನ ಹಗ್ಗಗಳು ಒಳಕ್ಕೆ ಬಾಗಿ ಏಣಿಗೆ ಡಮರುವಿನಂತೆ ಸೊಂಟ ಬರುತ್ತದೆ. ಐದಾರು ಮೆಟ್ಟಿಲಿಗೊಮ್ಮೆ ನೇರ ನಿಂತು ನೋಡಿ. ಬಾಗಿದ್ದರೆ ಕತ್ತರಿಸಿ ಮತ್ತೆ ಕಟ್ಟಿ.

ಹಾಯಿ ಬೇಡ. 0.2 ಮಿ.ಮೀ. ಬಟ್ಟೆಯೂ ಈ ಅಳತೆಯಲ್ಲಿ ಎರಡು ಸೆಂ.ಮೀ. ದಪ್ಪದ ಕಂಬಳಿಯಾಗುತ್ತದೆ. ಕೊನೆಗೆ ಗಂಟುಗಳಿಗೆ ನೀರು ಬೆರೆಸಿದ ಫೆವಿಕಾಲ್ ಒಂದೊಂದು ಹನಿ ತಾಗಿಸಿ. ಪೂರ್ತಿ ಒಣಗಿದ ಮೇಲಷ್ಟೇ ಉಳಿದ ನೂಲು ಕತ್ತರಿಸಿ.