ಹಲ್ಲಿನ ಸೆಟ್ ರಾತ್ರಿ ಬಾಯಲ್ಲಿ ಇರಬಾರದು: ನನ್ನ ಅನುಭವ

ನಾನು ಧಾರವಾಡದಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸ್. ಬಿಪಿ ನೋಡುವುದು, ಇನ್ಸುಲಿನ್ ಕೊಡುವುದು, ಡ್ರೆಸ್ಸಿಂಗ್ ಮಾಡುವುದು ನನ್ನ ಕೆಲಸ ಅಂತ ಎಲ್ಲರಿಗೂ ಗೊತ್ತು. ಬಾಯಿ ತೆಗೆಸಿ ನೋಡುತ್ತೇನೆ ಅಂದರೆ ಮಾತ್ರ "ಅದ್ಯಾಕೆ ಸಿಸ್ಟರ್?" ಅಂತಾರೆ.

ಹೊಸಯಲ್ಲಾಪುರದಲ್ಲಿ ಒಬ್ಬ ಅಜ್ಜಿ. ವಯಸ್ಸು 78. ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ಹೋಗುತ್ತಿದ್ದೆ. ಅವರು ರೊಟ್ಟಿ ಬಿಟ್ಟು ಬರೀ ಅನ್ನ-ಮಜ್ಜಿಗೆ ಉಣ್ಣುತ್ತಿದ್ದರು, ಬಾಯಿ ಉರಿಯುತ್ತದೆ ಅಂತ ಮನೆಯವರು ಖಾರ ಕಡಿಮೆ ಮಾಡಿದ್ದರು, ಆದರೂ ಉರಿ ಹೋಗಿರಲಿಲ್ಲ. ಕಟ್ಟಿಸಿದ ಹಲ್ಲಿನ ಮೇಲಿನ ಸೆಟ್ ತೆಗೆಯಿರಿ ಅಂದೆ. ಅಜ್ಜಿ ಗೋಡೆ ಕಡೆ ತಿರುಗಿಬಿಟ್ಟರು.

"ಹಲ್ಲ ತಗದ್ರ ಮಾರಿ ಹೆಂಗರ ಕಾಣತೈತಿ ಬೇ. ಮನ್ಯಾಗ ಸೊಸಿ ಅದಾಳ."

ಹಲ್ಲು ಕಟ್ಟಿಸಿದ ಮೇಲೆ ಯಾರೆದುರೂ ಅದನ್ನು ತೆಗೆದೇ ಇರಲಿಲ್ಲವಂತೆ. ರಾತ್ರಿನೂ ಹಾಕಿಕೊಂಡೇ ಮಲಗುವುದು, ಬೆಳಗ್ಗೆ ಬಾಯಿ ಮುಕ್ಕಳಿಸಿದರೆ ಮುಗಿಯಿತು. ನಾನು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದೆ. ಸೆರಗು ಬಾಯಿಗೆ ಅಡ್ಡ ಹಿಡಿದುಕೊಳ್ಳಿ, ಪರವಾಗಿಲ್ಲ ಅಂದೆ. ತುಟಿ ಮುಚ್ಚಿ ಗಲ್ಲ ಉಬ್ಬಿಸಿ ಗಾಳಿ ಊದ್ರಿ ಅಂದಾಗ ಸೆಟ್ಟಿನ ಹಿಡಿತ ಬಿಟ್ಟಿತು. ಸುಮ್ನೆ ಎಳೆದರೆ ಬರುವುದಿಲ್ಲ, ಒಳಗೆ ಗಾಳಿ ಹೋಗಬೇಕು.

ಟಾರ್ಚ್ ಹಾಕಿ ನೋಡಿದರೆ ಅಂಗುಳೆಲ್ಲ ಕೆಂಪು. ಸೆಟ್ ಎಲ್ಲಿವರೆಗೆ ಕೂಡುತ್ತದೋ ಅಲ್ಲಿವರೆಗೆ ಮಾತ್ರ ಕೆಂಪು, ಗೆರೆ ಎಳೆದಂತೆ. ತುಟಿಯ ಎರಡೂ ಮೂಲೆ ಸೀಳಿದ್ದವು. ಸೆಟ್ಟಿನ ಒಳಮೈಯಲ್ಲಿ ಜಾರುವ ಬಿಳಿ ಪದರ, ಅದರಲ್ಲಿ ಗುರೆಳ್ಳು ಚಟ್ನಿಯ ಕರಿ ಕಾಳು ಅಂಟಿದ್ದವು. ಕೆಟ್ಟ ವಾಸನೆ. ಅಜ್ಜಿ ಅದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ನಿಮ್ಮ ತಪ್ಪಲ್ಲ ಅಜ್ಜಿ, ನಿಮಗೆ ಯಾರೂ ಹೇಳಿರಲಿಲ್ಲ ಅಂದೆ. ನಿಜವಾಗಿಯೂ ಯಾರೂ ಹೇಳಿರಲಿಲ್ಲ.

ಇದು ಕ್ಯಾಂಡಿಡಾ ಅನ್ನುವ ಫಂಗಸ್‌ನಿಂದ ಆಗುವ ತೊಂದರೆ. ಅದು ಬಾಯಲ್ಲಷ್ಟೇ ಅಲ್ಲ, ಸೆಟ್ಟಿನ ಮೇಲೂ ಕೂತಿರುತ್ತದೆ, ಹಾಗಾಗಿ ಬಾಯಿಗೆ ಮಾತ್ರ ಔಷಧ ಹಚ್ಚಿ ಸೆಟ್ ಹಾಗೇ ಬಿಟ್ಟರೆ ಮತ್ತೆ ಬರುತ್ತದೆ. ಔಷಧ ಬರೆಯುವುದು ನನ್ನ ಕೆಲಸ ಅಲ್ಲ, ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿದೆ. ಅವರು ಅಂಗುಳಿಗೂ ಸೆಟ್ಟಿನ ಒಳಗೂ ಹಚ್ಚಲು ಔಷಧ ಕೊಟ್ಟರು. ಉಳಿದದ್ದು ನಾವು ಮನೆಯಲ್ಲಿ ಮಾಡಬೇಕಾದದ್ದು.

ಟೂತ್‌ಪೇಸ್ಟ್ ಹಚ್ಚಿ ಸೆಟ್ ತಿಕ್ಕಬೇಡಿ. ಅದು ಪ್ಲಾಸ್ಟಿಕ್ ಜಾತಿಯದು, ಪೇಸ್ಟಿನ ಒರಟಿಗೆ ಸಣ್ಣ ಗೀರು ಬೀಳುತ್ತವೆ, ಆ ಗೀರಿನಲ್ಲೇ ಕೊಳೆ ಕೂರುತ್ತದೆ. ಕೈ ತೊಳೆಯುವ ಸೋಪು, ಮೆತ್ತನೆಯ ಬ್ರಷ್, ತಣ್ಣೀರು ಸಾಕು. ಹಲ್ಲಿನ ಕಡೆಗಿಂತ ಒಸಡಿಗೆ ಕೂಡುವ ಒಳಮೈ ಜಾಸ್ತಿ ತಿಕ್ಕಬೇಕು. ತಿಕ್ಕುವಾಗ ಕೆಳಗೆ ನೀರು ತುಂಬಿದ ಬೋಗುಣಿಯೋ ದಪ್ಪ ಟವೆಲೋ ಇರಲಿ, ಬಚ್ಚಲ ಕಲ್ಲಿನ ಮೇಲೆ ಬಿದ್ದರೆ ಎರಡು ಹೋಳು. ಕುದಿಯುವ ನೀರು ಬೇಡವೇ ಬೇಡ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕ್ರಿಮಿ ಸಾಯಲಿ ಅಂತ ನಾನೇ ಒಬ್ಬ ಅಜ್ಜರ ಸೆಟ್ಟಿಗೆ ಕುದಿನೀರು ಹಾಕಿದ್ದೆ. ಅದು ಸೊಟ್ಟಗಾಯಿತು, ಮತ್ತೆ ಬಾಯಿಗೆ ಕೂಡಲೇ ಇಲ್ಲ. ಹೊಸದು ಆಗುವವರೆಗೆ ಅವರು ಗಂಜಿ ಕುಡಿದರು. ಅದು ನನಗೆ ಇವತ್ತಿಗೂ ನೋವು.

ಗದಗ ಕಡೆ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಸೆಟ್ಟಿನ ಮೇಲೆ ಗಟ್ಟಿ ಬಿಳಿ ಪದರ ಕಟ್ಟಿರುವುದನ್ನು ನೋಡಿದ್ದೇನೆ. ಚಾಕು ಹಾಕಿ ಕೆರೆಯಬೇಡಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಅರ್ಧ ಗಂಟೆ ನೆನೆಸಿ ತಿಕ್ಕಿ, ಚೆನ್ನಾಗಿ ತೊಳೆಯಿರಿ. ಅಂಗಡಿಯಲ್ಲಿ ಸಿಗುವ ನೊರೆ ಬರುವ ಮಾತ್ರೆಯೂ ಆಗುತ್ತದೆ, ಆದರೆ ಅದು ನೀರಿಗೆ ಹಾಕುವುದು. ಮರೆವು ಇರುವವರ ಕೈಗೆ ಸಿಗದಂತೆ ಇಡಿ, ನುಂಗಿದರೆ ಅಪಾಯ.

ಸೆಟ್ ತೆಗೆದ ಮೇಲೆ ಒಸಡು, ಅಂಗುಳು, ನಾಲಿಗೆ ಒದ್ದೆ ಅರಿವೆಯಿಂದ ಮೆಲ್ಲಗೆ ಒರೆಸಬೇಕು. ಎರಡು-ಮೂರು ಸ್ವಂತ ಹಲ್ಲು ಉಳಿದಿದ್ದರೆ ಅವನ್ನು ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆ ಎರಡು ಸಲ ಉಜ್ಜಿಸಿ. ಒಸಡು ಇಳಿದು ಬೇರು ಕಾಣುವ ಹಲ್ಲು ಬೇಗ ಹುಳುಕಾಗುತ್ತದೆ. ಹಲ್ಲೆಲ್ಲ ಹೋದ ಮೇಲೂ ಒಸಡಿಗೆ ತಪಕೀರು (ತಂಬಾಕಿನ ಪುಡಿ) ತಿಕ್ಕುವ ಅಜ್ಜಿಯರು ನಮ್ಮ ಕಡೆ ಇದ್ದಾರೆ, ಅವರ ಬಾಯಿ ನೋಡದೆ ನಾನು ಎದ್ದು ಬರುವುದಿಲ್ಲ. ಹುಣ್ಣೋ ಬಿಳಿ ಕಲೆಯೋ ಎರಡು ವಾರಕ್ಕೂ ಮಾಯದಿದ್ದರೆ ಡಾಕ್ಟರಿಗೆ ತೋರಿಸಲು ತಡ ಮಾಡಬಾರದು.

ಇದೆಲ್ಲಕ್ಕಿಂತ ಕಷ್ಟ ರಾತ್ರಿ ತೆಗೆಸುವುದು. ಮಲಗಿದಾಗ ಜೊಲ್ಲು ಕಡಿಮೆ ಆಗುತ್ತದೆ, ಬಾಯಿ ತಾನೇ ತೊಳೆದುಕೊಳ್ಳುವುದಿಲ್ಲ, ಸೆಟ್ಟಿನ ಮೇಲಿನ ಕ್ರಿಮಿ ಉಸಿರಿನ ಜೊತೆ ಒಳಗೆ ಹೋಗಬಹುದು. ಜಪಾನಿನಲ್ಲಿ 85 ದಾಟಿದ 524 ಜನರನ್ನು 3 ವರ್ಷ ನೋಡಿ 2015ರಲ್ಲಿ ಒಂದು ಅಧ್ಯಯನ ಬಂತು. ಸೆಟ್ ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾ ಸುಮಾರು ಎರಡು ಪಟ್ಟು ಕಂಡಿತ್ತು. ವಯಸ್ಸಾದವರ ಮಕ್ಕಳಿಗೆ ಇದನ್ನು ಹೇಳಿದರೆ ಕೇಳುತ್ತಾರೆ. ಅಜ್ಜಿಯರಿಗೆ ಇದು ಸಾಲದು, ಅವರ ಚಿಂತೆ ಬೇರೆ, ಅಲ್ವಾ?

ಅದಕ್ಕೆ ಮುಚ್ಚಳ ಇರುವ ಸಣ್ಣ ಸ್ಟೀಲ್ ಡಬ್ಬಿ ತರಿಸಿದೆ. ಗಾಜಿನ ಲೋಟದಲ್ಲಿ ಇಟ್ಟರೆ ಎಲ್ಲರಿಗೂ ಕಾಣುತ್ತದೆ, ಅದೇ ಅವರಿಗೆ ನಾಚಿಕೆ. ದೀಪ ಆರಿಸಿದ ಮೇಲೆ ತೆಗೆದು, ತೊಳೆದು, ತಣ್ಣೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ದಿಂಬಿನ ಹತ್ತಿರ ಇಡುವುದು. ಒಣಗಲು ಬಿಡಬಾರದು, ನೀರು ದಿನಾ ಬದಲಿಸಬೇಕು. ಬೆಳಗ್ಗೆ ಅಜ್ಜಿ ಕರೆಯುವವರೆಗೆ ಚಹಾ ತೆಗೆದುಕೊಂಡು ಒಳಗೆ ಹೋಗಬೇಡ ತಂಗಿ ಅಂತ ಸೊಸೆಗೆ ಹೇಳಿದೆ. ಆಕೆ ಒಂದು ದಿನವೂ ತಪ್ಪಿಸಲಿಲ್ಲ.

ಮೂರು ವಾರಕ್ಕೆ ಅಂಗುಳಿನ ಕೆಂಪು ಇಳಿಯಿತು. ಮೊನ್ನೆ ಹೋದಾಗ ಅಜ್ಜಿ ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡು ಉಣ್ಣುತ್ತಿದ್ದರು. ಊಟ ಮುಗಿಸಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬ್ರಷ್ ತಿಕ್ಕುವ ಸದ್ದು ಬಂತು.