ಆಪರೇಷನ್ನಿಗೆ ಮೊದಲಿನ ಹತ್ತು ದಿನ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಆ ಕೃಷಿಕರಿಗೆ ಹಳೆಯ ಹುಣ್ಣಿನ ಕಲೆಯಿಂದ ಜಠರದ ಹೊರದಾರಿ ಮುಚ್ಚಿಕೊಂಡಿತ್ತು. ಮೂರು ತಿಂಗಳಿಂದ ಉಂಡದ್ದೆಲ್ಲ ಸಂಜೆಗೆ ವಾಂತಿ. ಅಡಿಕೆ ಮಾರಲು ಹೋದಾಗ ಅಂಗಡಿಯ ತೂಕದ ಯಂತ್ರದ ಮೇಲೆ ನಿಂತು ನೋಡಿದ್ದರಂತೆ, 58 ಕಿಲೋ. ನನ್ನಲ್ಲಿಗೆ ಬಂದಾಗ 44. ಮರುದಿನವೇ ಆಪರೇಷನ್ ಮಾಡಿ ಎಂದು ಮನೆಯವರು ಕೈಮುಗಿದರು. ನಾನು ಹತ್ತು ದಿನ ತಡೆದೆ.

ತಡೆಯುವುದನ್ನು ನನ್ನದೇ ತಪ್ಪಿನಿಂದ ಕಲಿತೆ. ಹಿಂದೆ ಇಂಥದೇ ಒಬ್ಬರಿಗೆ ಬಂದ ಎರಡನೆಯ ದಿನವೇ ಶಸ್ತ್ರಚಿಕಿತ್ಸೆ ಮಾಡಿದ್ದೆ. ಆರನೆಯ ದಿನ ಕರುಳಿನ ಜೋಡಣೆ ಸೋರಿತು. ಅವರು ಬದುಕಿದರು, ಆದರೆ ಏಳು ವಾರ ಮಂಚದ ಮೇಲೆ ನರಳಿದರು. ಹೊಲಿಗೆಯಲ್ಲಿ ದೋಷ ಹುಡುಕುತ್ತ ಎಷ್ಟೋ ರಾತ್ರಿ ಕಳೆದೆ. ಗಾಯ ಕೂಡಲು ಬೇಕಾದ ಪ್ರೋಟೀನೇ ಆ ಮೈಯಲ್ಲಿ ಉಳಿದಿರಲಿಲ್ಲ. 1936ರಲ್ಲೇ ಅಮೆರಿಕದ ಶಸ್ತ್ರವೈದ್ಯ ಹೈರಮ್ ಸ್ಟಡ್ಲಿ ಇದನ್ನು ಎಣಿಸಿ ತೋರಿಸಿದ್ದರು: ಹುಣ್ಣಿನ ಆಪರೇಷನ್ನಿಗೆ ಮೊದಲು ಮೈತೂಕದ ಶೇ. 20ಕ್ಕಿಂತ ಹೆಚ್ಚು ಕಳೆದುಕೊಂಡವರಲ್ಲಿ ಮೂವರಿಗೊಬ್ಬರು ತೀರಿಕೊಂಡಿದ್ದರು. ಉಳಿದವರಲ್ಲಿ ಸತ್ತವರು ಶೇ. 3.5 ಮಾತ್ರ. ಓದಿದ್ದೆ, ಮನಸ್ಸಿಗೆ ಇಳಿದಿರಲಿಲ್ಲ.

ಈಗ ಮೊದಲು ತೂಕ. ಹಳೆಯ ತೂಕ ಗೊತ್ತಿಲ್ಲದವರಲ್ಲಿ ಬಳೆ ಸಡಿಲವಾಯಿತೇ, ರವಿಕೆ ಬಿಗಿ ಮಾಡಿಸಿದಿರೇ ಎಂದು ಕೇಳುತ್ತೇನೆ.

ಈ ಕೃಷಿಕರಿಗೆ ಎಂಡೋಸ್ಕೋಪಿಯ ಸಹಾಯದಿಂದ ಮೂಗಿನ ಮೂಲಕ ಸಣ್ಣ ಕೊಳವೆಯನ್ನು ಅಡ್ಡಿಯಾಚೆ ಸಣ್ಣಕರುಳಿಗೆ ಇಳಿಸಿದೆವು. “ಗಂಜಿ ತಿಳಿ ಕೊಟ್ಟರೆ ಸಾಕಲ್ಲವೇ ಡಾಕ್ಟರೇ?” ಎಂದು ಸೊಸೆ ಕೇಳಿದರು. ಕುಚ್ಚಲಕ್ಕಿ ಗಂಜಿ ನನಗೂ ಪ್ರೀತಿ. ಆದರೆ ತಿಳಿಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಸೋಸಿದರೂ ಆ ಸಣ್ಣ ಕೊಳವೆ ಕಟ್ಟಿಕೊಳ್ಳಬಹುದು. ಇವರಿಗೆ ಕಿಲೋಗೆ ಒಂದೂವರೆ ಗ್ರಾಮಿನಂತೆ ದಿನಕ್ಕೆ 66 ಗ್ರಾಂ ಪ್ರೋಟೀನ್ ಬೇಕಿತ್ತು. ದುಬಾರಿಯಾದರೂ ಪುಡಿಯ ಆಹಾರವನ್ನೇ ಕಲಸಿ ಹನಿಹನಿಯಾಗಿ ಹರಿಸಿದೆವು.

ಮೊದಲ ದಿನಗಳಲ್ಲಿ ನನಗೆ ನಿದ್ದೆ ಬರುವುದಿಲ್ಲ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಆದ್ದರಿಂದ ಮೊದಲು ಥಯಾಮಿನ್ ಎಂಬ ಬಿ1 ವಿಟಮಿನ್, ಬಳಿಕ ಅರ್ಧಕ್ಕಿಂತ ಕಡಿಮೆ ಆಹಾರ, ದಿನವೂ ರಕ್ತಪರೀಕ್ಷೆ. ಐದನೆಯ ದಿನಕ್ಕೆ ಪೂರ್ತಿ ಅಳತೆಗೆ ಬಂದೆವು.

ಹತ್ತು ದಿನದಲ್ಲಿ ತೂಕ ಒಂದೇ ಕಿಲೋ ಏರಿತು. ಮನೆಯವರಿಗೆ ನಿರಾಸೆಯಾಯಿತು, ನನಗಲ್ಲ. ಗೋಡೆ ಹಿಡಿದು ನಡೆಯುತ್ತಿದ್ದವರು ವರಾಂಡದ ಕೊನೆಯವರೆಗೆ ಒಬ್ಬರೇ ಹೋಗಿಬರುತ್ತಿದ್ದರು. ನನ್ನ ಬೆರಳನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಹನ್ನೊಂದನೆಯ ದಿನ ಜಠರವನ್ನು ಸಣ್ಣಕರುಳಿಗೆ ಜೋಡಿಸಿದೆ. ಜೋಡಣೆ ಸೋರಲಿಲ್ಲ.

ಆಸ್ಪತ್ರೆಯ ಪಥ್ಯದ ಚೀಟಿ ಮಲಯಾಳದಲ್ಲಿತ್ತು. ಆ ಮನೆಯವರು ಓದುವುದು ಕನ್ನಡ. ಹೆಸರುಬೇಳೆ ತೊವ್ವೆ, ಮೊಟ್ಟೆ, ಮೊಸರು, ದಿನಕ್ಕೆ ಆರು ಸಣ್ಣ ಊಟ ಎಂದು ಕೈಯಲ್ಲೇ ಬರೆದುಕೊಟ್ಟೆ. ಮೂರು ತಿಂಗಳ ಮೇಲೆ ಬಂದಾಗ 51 ಕಿಲೋ ಇದ್ದರು. ಹಸಿವಾದಾಗ ಎರಡು ಊಟ ಒಟ್ಟಿಗೆ ಉಂಡು, ಬಳಿಕ ಬೆವರಿ ತಲೆ ಸುತ್ತುತ್ತದೆ ಎಂದರು. ಚೀಟಿಯನ್ನು ಮತ್ತೆ ಬರೆದು, ಈ ಸಲ ಊಟದ ಹೊತ್ತುಗಳನ್ನೂ ಸೇರಿಸಿದೆ.