ಅಮೆರಿಕದ ಕ್ಯಾಂಪಸ್‌ನಲ್ಲಿ ಚರ್ಚ್‌ನವರು ಊಟಕ್ಕೆ ಕರೆದರೆ

ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಓದಲು ಬಂದವರನ್ನು ಏರ್‌ಪೋರ್ಟ್‌ನಿಂದ ಕರೆತರುವವರು, ಪುಕ್ಕಟೆ ಹಾಸಿಗೆ, ಮೇಜು ಕೊಡುವವರು ಎಲ್ಲರೂ ಯೂನಿವರ್ಸಿಟಿಯವರಲ್ಲ. ಬಹಳ ಕಡೆ ಇವರು ಹತ್ತಿರದ ಚರ್ಚ್‌ನವರು, ಇಲ್ಲವೇ ಕ್ಯಾಂಪಸ್ ಮಿನಿಸ್ಟ್ರಿಯವರು, ಅಂದರೆ ವಿದ್ಯಾರ್ಥಿಗಳ ನಡುವೆ ಕ್ರೈಸ್ತ ಧರ್ಮದ ಕೆಲಸ ಮಾಡುವ ಸಂಸ್ಥೆಯವರು. ಇಂಥ ಸಂಸ್ಥೆಗಳಲ್ಲಿ ಇಂಟರ್‌ವಾರ್ಸಿಟಿ 1941ರಿಂದ ಇದೆ. 1951ರಲ್ಲಿ ಶುರುವಾದ ಕ್ರೂ ಸಂಸ್ಥೆ ಹೊರದೇಶದ ವಿದ್ಯಾರ್ಥಿಗಳಿಗೆಂದೇ ಬ್ರಿಡ್ಜಸ್ ಇಂಟರ್‌ನ್ಯಾಷನಲ್ ನಡೆಸುತ್ತದೆ. ಹೆಸರು ಕೇಳಿದರೆ ಧರ್ಮದ ಸುಳಿವೇ ಸಿಗುವುದಿಲ್ಲ, ಅಲ್ವಾ? ನೇರವಾಗಿ ಕೇಳಿ, ಸಾಮಾನ್ಯವಾಗಿ ಮುಚ್ಚಿಡದೆ ಹೇಳುತ್ತಾರೆ.

ಸರ್ಕಾರಿ ಯೂನಿವರ್ಸಿಟಿ ಇದಕ್ಕೆಲ್ಲ ಹೇಗೆ ಜಾಗ ಕೊಡುತ್ತದೆ? ಬೇರೆ ವಿದ್ಯಾರ್ಥಿ ಸಂಘಗಳಿಗೆ ಕೊಠಡಿ ಕೊಟ್ಟು, ಧಾರ್ಮಿಕ ಸಂಘಕ್ಕೆ ಮಾತ್ರ ಇಲ್ಲ ಅನ್ನುವ ಹಾಗಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1981ರ ವಿಡ್‌ಮಾರ್ ಪ್ರಕರಣದಲ್ಲಿ ಹೇಳಿದೆ. ಹಿಂದೂ, ಮುಸ್ಲಿಂ ಸಂಘಗಳಿಗೂ ಇದೇ ನಿಯಮ.

ಇನ್ನು ಸ್ನೇಹದ ವಿಷಯ. ಈ ಚರ್ಚ್, ಮಿನಿಸ್ಟ್ರಿಯವರ ಅಕ್ಕರೆ ಸುಳ್ಳಲ್ಲ. ತಮ್ಮ ನಂಬಿಕೆಯನ್ನು ನಿಮಗೂ ತಿಳಿಸಬೇಕೆಂಬ ಆಸೆಯೂ ಸುಳ್ಳಲ್ಲ. ಎರಡೂ ಒಟ್ಟಿಗೇ ಇರುತ್ತವೆ. ಇದನ್ನು ಒಪ್ಪಿಕೊಂಡರೆ ಅರ್ಧ ಗೊಂದಲ ಕಡಿಮೆ. ಬೈಬಲ್ ಸ್ಟಡಿಗೆ ಕರೆದಾಗ ಕುತೂಹಲ ಇದ್ದರೆ ಹೋಗಿ, ಪ್ರಶ್ನೆ ಕೇಳಿ, ವಾದವನ್ನೂ ಮಾಡಿ. ಬೇಡವಾದರೆ "ಥ್ಯಾಂಕ್ಸ್, ನನಗೆ ಆಸಕ್ತಿ ಇಲ್ಲ, ಆದರೆ ಊಟಕ್ಕೆ ಬರುತ್ತೇನೆ" ಎಂದುಬಿಡಿ. ಇಲ್ಲಿ ಅದು ಒರಟು ಮಾತಲ್ಲ. ದಾಕ್ಷಿಣ್ಯಕ್ಕೆ ಹೂಂ ಅಂದು ಕೊನೆ ಗಳಿಗೆಯಲ್ಲಿ ತಪ್ಪಿಸಿಕೊಳ್ಳುವುದೇ ಜಾಸ್ತಿ ಒರಟು. ಮುಂದಿನ ವಾರ ಮತ್ತೆ ಕರೆಯುತ್ತಾರೆ ಕೂಡ!

ನವೆಂಬರ್‌ನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಕ್ಯಾಂಪಸ್ ಖಾಲಿ ಹೊಡೆಯುವ ದಿನ. ಯಾರಾದರೂ ಮನೆಗೆ ಕರೆದರೆ ಖಂಡಿತ ಹೋಗಿ. ಊಟಕ್ಕೆ ಮುಂಚೆ ಕೈಕೈ ಹಿಡಿದು ಪ್ರಾರ್ಥನೆ ಮಾಡಬಹುದು, ನೀವು ಸುಮ್ನೆ ಕೂತರೆ ಸಾಕು. ಸಸ್ಯಾಹಾರಿಗಳು ಮೊದಲೇ ತಿಳಿಸಿ. ಟರ್ಕಿ ಕೋಳಿ ಬಿಟ್ಟರೂ ಗ್ರೇವಿಯಲ್ಲಿ, ಬ್ರೆಡ್ ಚೂರುಗಳಿಂದ ಮಾಡುವ ಸ್ಟಫಿಂಗ್‌ನಲ್ಲಿ ಮಾಂಸದ ಸಾರು ಇರುವುದುಂಟು. ಒಂದು ಡಬ್ಬಿ ಚಿತ್ರಾನ್ನ ಒಯ್ದರೆ ನಿಮಗೂ ಆಯಿತು, ಅವರಿಗೂ ಖುಷಿ. ಆಮೇಲೆ ಅವರನ್ನೂ ನಿಮ್ಮ ರೂಮಿಗೆ ಕರೆಯಿರಿ. ದೀಪಾವಳಿಗೆ ಬರಲು ಕೆಲವರು ಹಿಂಜರಿಯಬಹುದು, ಬೇಸರ ಬೇಡ. ಬೇರೆ ದಿನ ಬಿಸಿ ದೋಸೆಗೆ ಕರೆಯಿರಿ.

ಒಂದು ಸಂಗತಿ ನಮ್ಮವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಈ ಮಿನಿಸ್ಟ್ರಿಗಳ ಸಿಬ್ಬಂದಿ ಬಹುಪಾಲು ತಮ್ಮ ಸಂಬಳವನ್ನು ತಾವೇ ದಾನಿಗಳಿಂದ ಸಂಗ್ರಹಿಸುತ್ತಾರೆ. ದಾನಿಗಳಿಗೆ ಆಗಾಗ ಪತ್ರ ಬರೆಯುತ್ತಾರೆ. ಅದರಲ್ಲಿ ನಿಮ್ಮ ಫೋಟೊ, ನಿಮ್ಮ ಕಥೆ ಬರುವುದು ಬೇಡವೆಂದರೆ ಮೊದಲೇ ಹೇಳಿಬಿಡಿ.